ಕೊಟ್ಟಿಗೆಗೆ ಬಣ್ಣ ಬಳಿಯುವ ಕೆಲಸ

2025 ಫೆಬ್ರವರಿ 8, ಶನಿವಾರ
ಮಿಸಿಸಾಗಾ

ಚಿಕ್ಕವನು ಇವತ್ತೂ ವಾಂತಿ ಮಾಡಿಕೊಂಡ. ಜ್ವರವಿಲ್ಲ, ಅಜೀರ್ಣವಿಲ್ಲ. ಐಸ್ ಹಾಕಿ ಪಂದ್ಯಕ್ಕೆ ಹದಿನೈದು ನಿಮಿಷವಿರುವಾಗ ಪ್ಯಾಡ್ ಕಟ್ಟಿಸಿಕೊಂಡು ಎದ್ದವನು ನೇರವಾಗಿ ಶೌಚಾಲಯದ ಕಡೆಗೆ ಹೊರಟ. ಸಂಕ್ರಾಂತಿಯಿಂದ ಈಚೆಗೆ ಇದು ಮೂರನೆಯ ಸಲ. ಬಾಯಿ ತೊಳೆದು ಬಂದವನು ನನ್ನ ಮುಖ ನೋಡದೆ, "ಹೆಲ್ಮೆಟ್ ಕೊಡಮ್ಮ" ಎಂದ. ಕೊಟ್ಟೆ. ಇನ್ನೇನು ಮಾಡಲಿ?

ಅತ್ತೆಗೆ ಈ ಆಟದ ಮೇಲೆ ಮೊದಲಿನಿಂದಲೂ ಅನುಮಾನ. ಮೊಮ್ಮಗ ತಂಡದ ಗೋಲಿ, ಅಂದರೆ ಗೋಲು ಕಾಯುವವನು, ಎಂದು ನಾವು ಫೋನಿನಲ್ಲಿ ಹೇಳಿದ್ದನ್ನು ಅವರು ಗೋಲಿ ಆಡುತ್ತಾನೆಂದು ತಿಳಿದು ಸಾಗರದ ಕೇರಿಗೆಲ್ಲ ಸಾರಿದ್ದರು. ಗೋಲಿಯಾಟಕ್ಕೂ ಕೋಚ್ ಬೇಕೇ, ಅದಕ್ಕೆ ಇಷ್ಟೊಂದು ಶುಲ್ಕವೇ ಎಂಬ ಚಿಂತೆಯಲ್ಲಿ ಒಂದು ವರ್ಷ ಕಳೆದಿದ್ದಾರೆ. ಇವತ್ತು ಕಣ್ಣಾರೆ ನೋಡಿದ ಮೇಲೆ ಕೇಳಿದರು: "ಉಳಿದವರೆಲ್ಲ ಆಚೆ ತುದಿಯಲ್ಲಿ ಆಡುತ್ತಿದ್ದಾರೆ. ಇವನನ್ನು ಮಾತ್ರ ಆಟಕ್ಕೆ ಸೇರಿಸಿಕೊಂಡಿಲ್ಲವೇ?" ನಗು ಬಂತು. ಆಮೇಲೆ ಆ ಕಡೆ ನೋಡಿದೆ. ಅಷ್ಟು ದೊಡ್ಡ ಬಿಳಿ ಬಯಲಿನ ಈ ತುದಿಯಲ್ಲಿ ಅವನೊಬ್ಬನೇ, ಎಡಗಂಬಕ್ಕೊಮ್ಮೆ ಬಲಗಂಬಕ್ಕೊಮ್ಮೆ ಸ್ಟಿಕ್ ತಟ್ಟುತ್ತ ನಿಂತಿದ್ದ. ನಗು ನಿಂತಿತು.

ಸೋತರು. ಐದು ಗೋಲು ಬಿಟ್ಟ.

ಮಂಜುಗಡ್ಡೆಯ ಆಟದಂಗಳದಲ್ಲಿ, ಅಂದರೆ ನಮ್ಮ ರಿಂಕಿನಲ್ಲಿ, ಸ್ಕೇಟ್‌ಗಳ ಅಲಗಿಗೆ ಸಾಣೆ ಹಿಡಿಯುವ ಅಜ್ಜರೊಬ್ಬರಿದ್ದಾರೆ. ಚಿಕ್ಕವನು ಬಟ್ಟೆ ಬದಲಿಸುತ್ತಿದ್ದಾಗ ಅವರ ಕಿಟಕಿಯ ಬಳಿ ನಿಂತು ವಾಂತಿಯ ವಿಷಯ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಅವರು ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು, "ಗ್ಲೆನ್ ಹಾಲ್ ಹೆಸರು ಕೇಳಿದ್ದೀರಾ?" ಎಂದರು. ಇಲ್ಲವೆಂದೆ. ಕೇಳಿಲ್ಲವೆಂದರೆ ಅವರಿಗೆ ಖುಷಿ, ಮೊದಲಿನಿಂದ ಹೇಳಬಹುದಲ್ಲ.

ಅಜ್ಜ ಸಸ್ಕಾಚೆವಾನ್ ಪ್ರಾಂತ್ಯದವರು. ಹಾಲ್ ಹುಟ್ಟಿದ್ದೂ ಅಲ್ಲೇ, ಹಂಬೋಲ್ಟ್ ಎಂಬ ಊರಿನಲ್ಲಿ, 1931ರಲ್ಲಿ. ಡೆಟ್ರಾಯಿಟ್, ಶಿಕಾಗೊ, ಕೊನೆಗೆ ಸೇಂಟ್ ಲೂಯಿಸ್ ತಂಡಗಳ ಗೋಲು ಕಾದವರು. ಪ್ರತಿ ಪಂದ್ಯಕ್ಕೂ ಮುಂಚೆ ಬಕೆಟ್ಟಿಗೆ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಕೆಲವು ದಿನ ಎರಡು ಅವಧಿಗಳ ನಡುವಿನ ಬಿಡುವಿನಲ್ಲೂ. ವಾಂತಿಯಾಗದಿದ್ದರೆ ತಾವು ಇನ್ನೂ ಆಟಕ್ಕೆ ಸಿದ್ಧರಾಗಿಲ್ಲವೆಂದೇ ಅವರಿಗೆ ಅನ್ನಿಸುತ್ತಿತ್ತಂತೆ.

"ಹಾಗೆ ಎಷ್ಟು ಪಂದ್ಯ ಆಡಿದರು ಗೊತ್ತೇ? 502. ಒಂದನ್ನೂ ಬಿಡದೆ, ಒಂದೇ ಸಮನೆ."

ನಾನು ಲೆಕ್ಕದ ಮನುಷ್ಯಳು, ಕಾರಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಆಗ ವರ್ಷಕ್ಕೆ 70 ಪಂದ್ಯ. ಏಳು ವರ್ಷ ಪೂರ್ತಿ ಆಡಿದರೆ 490. ಎಂಟನೆಯ ವರ್ಷದ ಮೊದಲ ಹನ್ನೆರಡು ಸೇರಿದರೆ 502. ಹದಿಮೂರನೆಯದರಲ್ಲಿ, 1962ರ ನವೆಂಬರ್ 7ರಂದು, ಬಾಸ್ಟನ್ ವಿರುದ್ಧ ಆಡುವಾಗ ಮೊದಲ ಅವಧಿಯಲ್ಲೇ ಬೆನ್ನು ಸಹಿಸದೆ ಹೊರನಡೆದರು. ಕೊನೆಗೂ ಸೋತದ್ದು ಬೆನ್ನು, ಹೊಟ್ಟೆಯಲ್ಲ. ಇಷ್ಟನ್ನೂ ಆಡಿದ್ದು ಮುಖಕ್ಕೆ ಮುಖವಾಡವಿಲ್ಲದೆ. ಪಕ್ ಎಂದರೆ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, 160 ಗ್ರಾಂ ಚಿಲ್ಲರೆ ತೂಕ. ಅದು ಮುಖದ ಕಡೆ ಬರುವಾಗ ಬರಿಗಣ್ಣಿನಿಂದ ಅದನ್ನೇ ನೋಡುತ್ತ ನಿಲ್ಲಬೇಕು. ನನಗೆ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಕಣ್ಣು ಮುಚ್ಚುತ್ತದೆ.

ಅಜ್ಜ ಸಮಾಧಾನಕ್ಕೆಂದೇ ಇದನ್ನೆಲ್ಲ ಹೇಳಿದ್ದು. ನನಗೆ ಭಯ ಹೆಚ್ಚಾಯಿತು. ಅಂದರೆ ಇದು ವಾಸಿಯಾಗುವ ಕಾಯಿಲೆಯಲ್ಲ!

"ಅಷ್ಟು ಸಂಕಟವಿದ್ದರೆ ಬಿಟ್ಟುಬಿಡಬಹುದಿತ್ತಲ್ಲ?" ಎಂದೆ.

"ಬಿಟ್ಟರೆ ಹೊಟ್ಟೆಪಾಡು? ಲೀಗಿನಲ್ಲಿ ಇದ್ದದ್ದೇ ಆರು ತಂಡ. ತಂಡಕ್ಕೊಬ್ಬ ಗೋಲಿ. ಒಂದು ದಿನ ನೀವು ಕುಳಿತರೆ ನಿಮ್ಮ ಜಾಗದಲ್ಲಿ ನಿಲ್ಲಲು ಇನ್ನೊಬ್ಬ ಸಿದ್ಧನಿರುತ್ತಾನೆ." ಸ್ವಲ್ಪ ಹೊತ್ತು ಬಿಟ್ಟು ನಕ್ಕರು. "ಆದರೆ ತಂಡದ ತರಬೇತಿ ಶಿಬಿರಕ್ಕೆ ಬಾ ಎಂದು ಕರೆ ಬಂದಾಗ ಹಾಲ್ ಹೋಗುತ್ತಿರಲಿಲ್ಲ. ಆಲ್ಬರ್ಟಾದಲ್ಲಿ ಅವರದೊಂದು ಜಮೀನು. ಕೊಟ್ಟಿಗೆಗೆ ಬಣ್ಣ ಬಳಿಯುತ್ತಿದ್ದೇನೆ, ಮುಗಿದ ಮೇಲೆ ಬರುತ್ತೇನೆ ಎಂದು ಹೇಳಿ ಕಳಿಸುತ್ತಿದ್ದರು."

ಈ ಮಾತು ನನಗೆ ಬಹಳ ಹಿಡಿಸಿತು. ನಾನೂ ಸೋಮವಾರ ಕಚೇರಿಗೆ ಹಾಗೆಯೇ ಹೇಳಿ ಕಳಿಸಬೇಕು.

ಮನೆಗೆ ಬರುವಾಗ ಹಿಮ ಬೀಳತೊಡಗಿತು. ಚಿಕ್ಕವನಿಗೆ ಬಕೆಟ್ಟು, ಕೊಟ್ಟಿಗೆ ಎಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ಕಿಟಕಿಯ ಆಚೆ ನೋಡುತ್ತ, "ಕಪ್ ಗೆದ್ದರಾ?" ಎಂದ. ಸ್ಟ್ಯಾನ್ಲಿ ಕಪ್ ಅವನು ಕೇಳಿದ್ದು, ಲೀಗ್ ಗೆದ್ದವರಿಗೆ ಸಿಗುವುದು. ಗೆದ್ದರು, 1961ರಲ್ಲಿ, ಶಿಕಾಗೊದ ಜೊತೆ ಎಂದೆ. ಅಜ್ಜ ಹೇಳಿದ್ದರು. ಆಮೇಲೆ ಅರ್ಧ ದಾರಿ ಮಾತಿಲ್ಲ. ಸಿಗ್ನಲ್ ದೀಪದ ಬಳಿ ನಿಂತಾಗ, "ನಾನು ಐದು ಬಿಟ್ಟೆ. ಮೂರನೆಯದು ಕಾಣಿಸಲೇ ಇಲ್ಲ, ನಮ್ಮವನೇ ಅಡ್ಡ ನಿಂತಿದ್ದ" ಎಂದ. ಅದನ್ನು ಕೋಚ್‌ಗೆ ಹೇಳಿದೆಯಾ ಎಂದು ಕೇಳಿದೆ. "ಗೋಲಿ ಹಾಗೆಲ್ಲ ಹೇಳುವುದಿಲ್ಲಮ್ಮ."

ಹನ್ನೊಂದು ವರ್ಷ ಅವನಿಗೆ. ಇದನ್ನು ಯಾರು ಕಲಿಸಿದರು?

ಮನೆಯಲ್ಲಿ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಹಾಕಿದರು. ಹೊಗೆಯ ಅಲಾರಂ ಮನೆಯೆಲ್ಲ ಕಿರುಚಿತು. ಇವರು ಕುರ್ಚಿ ಹತ್ತಿ ಟವೆಲ್ ಬೀಸಿದರು. ಮೂವರೂ ಕೆಮ್ಮಿದೆವು. ಚಿಕ್ಕವನು ಬಿದ್ದು ಬಿದ್ದು ನಕ್ಕ. ದೃಷ್ಟಿ ಹೋಯಿತು ಎಂದು ಅತ್ತೆ ಘೋಷಿಸಿದರು.

ಈಗ ರಾತ್ರಿ ಹನ್ನೊಂದೂವರೆ. ಒಂದು ಚಿತ್ರವನ್ನು ನೋಡುತ್ತ ಕುಳಿತಿದ್ದೇನೆ. ಹಾಕಿ ಗೊತ್ತಿಲ್ಲದವರೂ ಎಲ್ಲೋ ನೋಡಿರುತ್ತಾರೆ: ಗೋಲು ಹೊಡೆದ ಬಾಸ್ಟನ್ ತಂಡದ ಬಾಬಿ ಓರ್ ಗಾಳಿಯಲ್ಲಿ ಅಡ್ಡಲಾಗಿ ಹಾರುತ್ತಿದ್ದಾರೆ, ತೋಳುಗಳು ಚಾಚಿವೆ. 1970ರ ಮೇ 10, ಬಾಸ್ಟನ್, ಹೆಚ್ಚುವರಿ ಅವಧಿಯ ನಲವತ್ತನೆಯ ಸೆಕೆಂಡು. ಕಪ್ ಬಾಸ್ಟನ್‌ಗೆ. ನಮ್ಮ ರಿಂಕಿನ ಗೋಡೆಯ ಮೇಲೂ ಇದೇ ಚಿತ್ರವಿದೆ. ಎರಡು ವರ್ಷದಿಂದ ಅದರ ಕೆಳಗೇ ಕುಳಿತು ಕಾಫಿ ಕುಡಿಯುತ್ತಿದ್ದೇನೆ. ಆ ಗೋಲು ಬಿಟ್ಟ ಗೋಲಿ ಯಾರೆಂದು ಇವತ್ತೇ ತಿಳಿದದ್ದು. ಹಾಲ್! ಚಿತ್ರದ ಅಂಚಿನಲ್ಲಿ ಗೋಲಿನ ಕಂಬದ ಬಳಿ ಇದ್ದಾರೆ. ಆ ಹೊತ್ತಿಗೆ ಮೂವತ್ತೆಂಟು ವರ್ಷ, ಮುಖವಾಡ ಬಂದಿದೆ. ಬಾಸ್ಟನ್‌ನಲ್ಲಿ ಈ ಹಾರಾಟದ ಕಂಚಿನ ಪ್ರತಿಮೆಯೂ ಇದೆ, ಓರ್ ಮಾತ್ರ. ಎರಡು ವರ್ಷ ಮೊದಲು, 1968ರಲ್ಲಿ, ಇದೇ ಹಾಲ್ ತಂಡ ಫೈನಲ್‌ನಲ್ಲಿ ಸೋತರೂ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳ ಅತ್ಯುತ್ತಮ ಆಟಗಾರನ ಪ್ರಶಸ್ತಿ ಪಡೆದಿದ್ದರು. ಸೋತ ತಂಡದವನಿಗೆ ಅದನ್ನು ಕೊಡುವುದು ಅಪರೂಪ. 407 ಗೆಲುವು, ಒಂದೂ ಗೋಲು ಬಿಡದ 84 ಪಂದ್ಯ. ಗೋಡೆಯ ಮೇಲೆ ಉಳಿದದ್ದು ಬಿಟ್ಟ ಒಂದು ಗೋಲು.



ಕೆಳಗಿನ ಕೋಣೆಯಲ್ಲಿ ಪ್ಯಾಡ್‌ಗಳು ಒಣಗುತ್ತಿವೆ, ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ. ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಪಂದ್ಯ. ನಿಲ್ಲಿಸೋಣವೇ ಎಂದು ಮಲಗುವ ಮುಂಚೆ ಅವನನ್ನು ಕೇಳಬೇಕೆಂದಿದ್ದೆ. ಕೋಣೆಗೆ ಹೋದರೆ ಕತ್ತಲಲ್ಲಿ ಎದ್ದೇ ಇದ್ದ. ನಾನು ಬಾಯಿ ತೆರೆಯುವ ಮುಂಚೆಯೇ, "ಅಮ್ಮ, ಅವರ ಬಕೆಟ್ಟು ಯಾರು ತೊಳೆಯುತ್ತಿದ್ದರು?" ಎಂದ.