ಒಂದೇ ಕೋವಿಯೋ, ಮೂರು ಕೋವಿಗಳ ಚೂರೋ?

ಮೇಜಿನ ಮೇಲೆ ಹಳೆ ಕಂಬಳಿ ಹಾಸಿ 1853ರ ಮಾದರಿಯ ಎನ್‌ಫೀಲ್ಡ್ ಕೋವಿಯನ್ನು ಮಲಗಿಸಿದ್ದಾಯಿತು. 39 ಇಂಚಿನ ನಳಿಗೆ, ಅದನ್ನು ಮರಕ್ಕೆ ಬಿಗಿದ ಮೂರು ಬಳೆ, ಲಾಕ್ ಅಂದರೆ ಗುಂಡು ಹಾರಿಸುವ ಯಂತ್ರಾಂಗದ ಪ್ಲೇಟಿನ ಮೇಲೆ ಕಿರೀಟ, ‘1862’, ‘ಟವರ್’. ಕಂಡವರೆಲ್ಲ ಮೊದಲು ಆ ಇಸವಿ ಓದಿ ಖುಷಿಪಡುತ್ತಾರೆ. ಆದರೆ ಇಸವಿ ಲಾಕಿನದು. ನಳಿಗೆಯೂ ಮರವೂ ಅದರ ಜೊತೆಯಲ್ಲೇ ಹುಟ್ಟಿದವೇ ಎಂದು ತಿಳಿಯಬೇಕಾದರೆ ಬಿಚ್ಚಲೇಬೇಕು.

ಬಿಚ್ಚುವ ಮೊದಲು, ಒಳಗೆ ಮದ್ದು ಇದೆಯೇ ನೋಡಬೇಕು. ನಿಪ್ಪಲ್ (ನಳಿಗೆಯ ಬುಡದ ಪುಟ್ಟ ಕೊಳವೆ) ಮೇಲೆ ಕೇಪು, ಅಂದರೆ ಹ್ಯಾಮರ್ ಬಡಿದಾಗ ಕಿಡಿ ಕೊಡುವ ಪುಟ್ಟ ಟೊಪ್ಪಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗುಂಡು ಒತ್ತುವ ಸಲಾಕೆಯಾದ ಗಜವನ್ನು ನಳಿಗೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೇ ಹಿಡಿದು ನೋಡಿದರಾಯಿತು. ತುದಿ ನಿಪ್ಪಲ್ಲಿನ ಬುಡದವರೆಗೆ ಬರಬೇಕು. ಒಂದಿಂಚೋ ಎರಡಿಂಚೋ ಕಡಿಮೆ ಬಿದ್ದರೆ ಒಳಗೆ ಏನೋ ಇದೆ: ಚಿಂದಿಬಟ್ಟೆ ಇರಬಹುದು, ಯಾರೋ ತುಂಬಿ ಮರೆತ ಗುಂಡೂ ಇರಬಹುದು. ಒಣಗಿದ್ದರೆ ಕರಿಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಅಂಥದ್ದಕ್ಕೆ ನೀರು ತುಂಬಿಸಿ ನೆನೆಹಾಕಿ, ಬಲ್ಲ ಕೋವಿ ಕಮ್ಮಾರನ ಕೈಗೆ ಕೊಡುವುದೇ ಸರಿ. ಈ ಕೋವಿಯಲ್ಲಿ ಗಜ ಪೂರ್ತಿ ಇಳಿಯಿತು.

ಮೊದಲು ಲಾಕ್. ಹ್ಯಾಮರನ್ನು ಅರ್ಧ ಏರಿಸಿಟ್ಟು, ಎಡಮಗ್ಗುಲಿನ ಎರಡು ಉದ್ದ ತಿರುಪುಗಳನ್ನು ಮೂರ್ನಾಲ್ಕು ಸುತ್ತು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ಆಮೇಲೆ ಮರದ ಕೊಡತಿಯಿಂದ ಆ ತಲೆಗಳ ಮೇಲೆ ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟಿದರೆ ಲಾಕ್ ಸಮನಾಗಿ ಹೊರಬರುತ್ತದೆ. ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮರದ ಚಕ್ಕೆ ಏಳುತ್ತದೆ, ಆ ಗಾಯ ಆಚೆ ಗೋಡೆಯಿಂದಲೂ ಕಾಣುತ್ತದೆ. ಸ್ಕ್ರೂಡ್ರೈವರಿನ ತುದಿಯೂ ತಿರುಪಿನ ತಲೆಯ ಸೀಳನ್ನು ಪೂರ್ತಿ ತುಂಬುವಂತಿರಬೇಕು. ಬೆಣೆಯಾಕಾರದ ಮಾಮೂಲಿ ತುದಿ ಜಾರಿ ತಲೆಯನ್ನೇ ಕಿತ್ತುಹಾಕುತ್ತದೆ. ನಂತರ ಗಜ, ಬಾಯಿಯ ಕಡೆಯಿಂದ ಒಂದೊಂದೇ ಬಳೆ, ಕೊನೆಗೆ ನಳಿಗೆಯ ಹಿಂಬಾಲದ ತಿರುಪು. ಬಳೆಗಳನ್ನು ಸಾಕಷ್ಟು ಸಡಿಲಿಸದೆ ಎಳೆದರೆ ನಳಿಗೆಯುದ್ದಕ್ಕೂ ಗೀರು ಬೀಳುತ್ತದೆ.

ಈಗ ಅಸಲು ಓದು. ಇಂಗ್ಲೆಂಡಿನ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯಲ್ಲಿ ಅಮೆರಿಕದಿಂದ ತರಿಸಿದ ಯಂತ್ರಗಳಿದ್ದವು. ಅಲ್ಲಿನ ಭಾಗಗಳು ಒಂದರಿಂದೊಂದಕ್ಕೆ ಹೊಂದುತ್ತಿದ್ದವು. ಬರ್ಮಿಂಗ್‌ಹ್ಯಾಮಿನ ಖಾಸಗಿ ಕೆಲಸಗಾರರು ಅರ ಹಿಡಿದು ಕೈಯಲ್ಲೇ ಹೊಂದಿಸುತ್ತಿದ್ದರು. ಒಂದು ಕೋವಿಯ ಭಾಗ ಇನ್ನೊಂದಕ್ಕೆ ಹೋಗದಿರಲೆಂದು ಒಂದೇ ಬಗೆಯ ಗೀರುಗಳನ್ನು ಹಾಕಿಡುತ್ತಿದ್ದರು. ಈ ಕೋವಿಯ ನಳಿಗೆಯ ಬುಡದಡಿಯಲ್ಲಿ ನಾಲ್ಕು ಗೀರು, ಮರದ ಗುಳಿಯಲ್ಲಿ ನಾಲ್ಕು, ಪಕ್ಕದ ತಿರುಪುಗಳ ಮೇಲೂ ನಾಲ್ಕು. ನಡುಬಳೆಯ ಮೇಲೆ ಮಾತ್ರ ಎರಡು. ಅಂದರೆ ಬಳೆ ಬೇರೆ ಮನೆಯದು. ಅಷ್ಟನ್ನು ಕ್ಷಮಿಸಬಹುದು, ನಳಿಗೆಯೇ ಹೀಗೆ ಹೊರಗಿನದಾಗಿದ್ದರೆ ಕ್ಷಮಿಸುವಂತಿಲ್ಲ.

ಕಿರೀಟದಡಿ, ಸರ್ಕಾರಿ ಕೋವಿಗಳಲ್ಲಿರುವ ರಾಣಿ ವಿಕ್ಟೋರಿಯಾಳ ‘ವಿ.ಆರ್.’ ಇಲ್ಲ. ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ, ಪಕ್ಕದಲ್ಲಿ ‘25’ ಎರಡು ಸಲ. ಅದು ತಯಾರಿ ಸಂಖ್ಯೆಯಲ್ಲ, ಅಡ್ಡಳತೆಯ ಲೆಕ್ಕ: ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಗಲದ ಎಷ್ಟು ದುಂಡು ಗುಂಡು ಆಗುತ್ತವೆ ಎಂಬುದು. 0.577 ಇಂಚಿನ ಈ ನಳಿಗೆಗೆ 25ರ ಅಳತೆಗೋಲು ಹೋಗುತ್ತದೆ, 24ರದ್ದು ಹೋಗುವುದಿಲ್ಲ. ಎಲ್ಲವೂ ಖಾಸಗಿ ವ್ಯಾಪಾರದ ಗುರುತು. ಇಂಥವು ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷಗಳಿಗೆ ಹಡಗು ತುಂಬ ಹೋದವು. ನಕಲಿಯೇ ಆಗಿದ್ದರೆ ಬಿಚ್ಚುವ ತನಕ ಕಾಯಬೇಕಿರಲಿಲ್ಲ: ಖೈಬರ್ ಕಣಿವೆಯ ಕಮ್ಮಾರರು ಮುದ್ರೆಯ ಅಕ್ಷರಗಳನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಕೊರೆದಿರುವುದು ಎಷ್ಟೋ ಸಲ ಕಾಣಸಿಗುತ್ತದೆ.

ನಿಪ್ಪಲ್ ಸುತ್ತ ಲೋಹ ಹುಳುಕು ತಿಂದಂತೆ ಗುಳಿಬಿದ್ದಿದೆ. ಕೇಪಿನೊಳಗಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಪ್ಪಾಗಿ ಉಳಿಯುತ್ತದೆ, ಉಪ್ಪು ಪಸೆ ಎಳೆಯುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಅದಕ್ಕೇ ಎಣ್ಣೆ ಸವರಿದ ಮೇಲೂ ತುಕ್ಕು ಮರಳುವುದು. ಆ ಜಾಗವನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ. ಕೆಂಪು ತುಕ್ಕನ್ನು ಎರಡು ದಿನ ಎಣ್ಣೆಯಲ್ಲಿ ನೆನೆಸಿ, ಉಣ್ಣೆಯಂತೆ ತೆಳುವಾದ ಕಂಚಿನ ಎಳೆಗಳಿಂದ ಉಜ್ಜಿದರೆ ಸಾಕು. ಕೆಳಗಿನ ಗಟ್ಟಿ ಕಂದುಬಣ್ಣ ಹಾಗೇ ಇರಲಿ. ಎಮರಿ ಕಾಗದ ಹಿಡಿದು ಫಳಫಳ ಹೊಳೆಯಿಸಿದವರು ಮುದ್ರೆಗಳನ್ನೂ ಬೆಲೆಯನ್ನೂ ಒಟ್ಟಿಗೇ ಉಜ್ಜಿ ಕಳೆದಿರುತ್ತಾರೆ.

ಮರಕ್ಕೆ ಅಗಸೆ ಎಣ್ಣೆ ನಾಲ್ಕೈದು ಹನಿ, ಅಂಗೈಯಲ್ಲೇ. ಅರ್ಧ ಗಂಟೆ ಬಿಟ್ಟು ಒರೆಸದಿದ್ದರೆ ಅಂಟಂಟಾಗುತ್ತದೆ.

ಕೂಡಿಸುವುದು ಹಿಂದುಮುಂದಾಗಿ, ಲಾಕ್ ಕೊನೆಗೆ. ಹ್ಯಾಮರನ್ನು ಬರಿದೇ ಹೊಡೆಯಿಸಿ ನೋಡುವ ಚಪಲ ಬೇಡ, ನಿಪ್ಪಲ್ಲಿನ ಬಾಯಿ ಚಪ್ಪಟೆಯಾಗುತ್ತದೆ. ಬೆರಳಿನಲ್ಲಿ ಹಿಡಿದು ಇಳಿಸಬೇಕು. ನಡುಬಳೆಯೂ ತನ್ನ ಜಾಗಕ್ಕೇ ಹೋಯಿತು, ‘ಎರಡು ಗೀರು, ಬೇರೆ ಕೋವಿಯದು’ ಎಂದು ಬರೆದ ಚೀಟಿಯನ್ನು ಟ್ರಿಗರಿನ ಬಳೆಗೆ ದಾರದಿಂದ ಕಟ್ಟಿದ್ದಾಯಿತು.