ಎರಡು ರಿಯಾಕ್ಟ್

ಮಧ್ಯಾಹ್ನವಿಡೀ ಒಂದೇ ಕೆಂಪು ಪರದೆ. ವೆಬ್‌ನಲ್ಲಿ ಚೆನ್ನಾಗಿ ಓಡುವ ಬಟನ್, ವೆಬ್-ಮೊಬೈಲ್ ಎರಡರ ಕೋಡೂ ಒಂದೇ ಕಡೆ ಇರುವ ಮೊನೊರೆಪೊದಿಂದ ಮೊಬೈಲ್ ಆ್ಯಪಿಗೆ ಜೋಡಿಸಿದ ಕೂಡಲೇ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಎಂದು ಹಟ ಹಿಡಿಯಿತು. ಹುಕ್ ಎಂದರೆ ಪರದೆ ಕಟ್ಟುವ ಲೈಬ್ರರಿ ರಿಯಾಕ್ಟ್‌ನ ಸೌಲಭ್ಯಗಳನ್ನು ಬಳಸುವ ಫಂಕ್ಷನ್.

ಹುಡುಕಿದರೆ ರಿಯಾಕ್ಟ್ ಎರಡು ಕಡೆ ಕುಳಿತಿದೆ! ಮೂಲ ಫೋಲ್ಡರಿನಲ್ಲಿ ಆವೃತ್ತಿ 18.3.1, ಬಟನ್ ಇರುವ ಹಂಚಿಕೆಯ ಪ್ಯಾಕೇಜಿನೊಳಗೆ 18.2.0. ಒಂದು ಪ್ರತಿ ಪರದೆ ಬಿಡಿಸುತ್ತದೆ, ಹುಕ್ ಇನ್ನೊಂದನ್ನು ಕೇಳುತ್ತದೆ. ಉತ್ತರ ಎಲ್ಲಿಂದ ಬರಬೇಕು?

ಅಜ್ಜಿಯ ಮನೆಯ ಉಪ್ಪಿನ ಪಾತ್ರೆ, ಆ ಮರಿಗೆ, ನೆನಪಾಯಿತು. ಅಷ್ಟು ದೊಡ್ಡ ಸಂಸಾರಕ್ಕೆ ಅದೊಂದೇ. ಹಂಚಿಕೊಳ್ಳುವುದು ಎಂದರೆ ನನ್ನ ಮನಸ್ಸಿಗೆ ಇಂದಿಗೂ ಅದೇ ಚಿತ್ರ.

ಪ್ಯಾಕೇಜಿನ ರಿಯಾಕ್ಟನ್ನು ಪಿಯರ್ ಡಿಪೆಂಡೆನ್ಸಿಗೆ ಸರಿಸಿದೆ, ಅಂದರೆ ತನ್ನದೇ ಪ್ರತಿ ಇಟ್ಟುಕೊಳ್ಳದೆ ಆ್ಯಪಿನದನ್ನೇ ಬಳಸಲಿ ಎಂದು. ಮೊಬೈಲ್ ಆ್ಯಪಿನ ಕೋಡನ್ನು ಒಟ್ಟುಗೂಡಿಸುವ ಮೆಟ್ರೋದ ವಾಚ್‌ಫೋಲ್ಡರ್ಸ್‌ನಲ್ಲಿ, ಅದು ಗಮನಿಸಬೇಕಾದ ಫೋಲ್ಡರುಗಳ ಪಟ್ಟಿಯಲ್ಲಿ, ಮೂಲ ಫೋಲ್ಡರಿನ ದಾರಿ ಬರೆದೆ. ರಿಯಾಕ್ಟಿನ ಮೊಬೈಲ್ ರೂಪವಾದ ರಿಯಾಕ್ಟ್ ನೇಟಿವ್‌ನ 0.73ರಿಂದೀಚೆಗೆ ಸಿಮ್‌ಲಿಂಕ್‌ನ, ಅಂದರೆ ಬೇರೆಡೆಯ ಫೋಲ್ಡರಿಗೆ ಬೊಟ್ಟು ಮಾಡುವ ಕೊಂಡಿಯ, ತಲೆನೋವಿಲ್ಲ, ಪುಣ್ಯ. ಕ್ಯಾಶ್ ಅಳಿಸಿ ಮತ್ತೆ ಓಡಿಸಿದೆ.

ಫೋನಿನಲ್ಲಿ ಬಟನ್ ಮೂಡಿತು. ವೆಬ್‌ನಲ್ಲಿದ್ದ ಅದೇ ಎಲೆಹಸಿರು.