ಬರ್ಲಿನ್ನಿನ ದೈತ್ಯ ಎಷ್ಟು ತೂಗುತ್ತಿತ್ತು?

ಬರ್ಲಿನ್ನಿನ ಯು6 ಮೆಟ್ರೋದಿಂದ ಇಳಿದು ಮೇಲೆ ಬಂದರೆ ಇನ್ವಾಲಿಡೆನ್ ರಸ್ತೆ. ನಾಲ್ಕು ಹೆಜ್ಜೆ ನಡೆದರೆ ಪ್ರಕೃತಿ ವಿಜ್ಞಾನ ಮ್ಯೂಸಿಯಂ. ಅಲ್ಲಿನ ದೈತ್ಯ ಡೈನೋಸಾರ್‌ನ ಅಸ್ಥಿಪಂಜರ ನೋಡಲು ಹೊರಟಿದ್ದೆ. ಜೊತೆಗೆ ಅಕ್ಕನ ಮಗಳಿದ್ದಳು, ಬರ್ಲಿನ್ನಿನಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. "ಮಾವ, ಒಳಗೆ ಹೋದ ಕೂಡಲೇ ಮೇಲೆ ನೋಡಬೇಡಿ. ಮೊದಲು ಪಾದ ನೋಡಿ" ಅಂದಳು.

ಹಾಗೇ ಮಾಡಿದೆ. ಮುಂಗಾಲಿನ ಪಾದದಲ್ಲಿ ಐದು ಉದ್ದ ಮೂಳೆಗಳು ಅರ್ಧಚಂದ್ರಾಕಾರದಲ್ಲಿ ನೆಟ್ಟಗೆ ನಿಂತಿದ್ದವು, ಹಳೇ ಮನೆಯ ಪಡಸಾಲೆಯ ಕಂಬಗಳ ಹಾಗೆ. ಅದರ ಮೇಲೆ ಮುಂಗಾಲು. ಅದರ ಮೇಲಿನ ತೋಳಿನ ಮೂಳೆ ಒಂದೇ ಎರಡು ಮೀಟರ್ ದಾಟುತ್ತದೆ, ನನಗಿಂತ ಎತ್ತರ. ಆಮೇಲೆ ಕತ್ತೆತ್ತಿದೆ. ಗಾಜಿನ ಮಾಡಿನ ಹತ್ತಿರ, 13.27 ಮೀಟರ್ ಮೇಲೆ, ಪುಟ್ಟದಾಗಿ ತಲೆ ಕಂಡಿತು. ಸುಮಾರು 15 ಕೋಟಿ ವರ್ಷ ಹಿಂದಿನ ಜಿರಾಫಟೈಟನ್ ಎಂಬ ಉದ್ದ ಕತ್ತಿನ ಡೈನೋಸಾರ್.

ಈ ಮೂಳೆಗಳು ಸಿಕ್ಕಿದ್ದು ಇಂದಿನ ಟಾಂಜಾನಿಯಾದ ಟೆಂಡಗುರುವಿನಲ್ಲಿ, 1909ರಿಂದ 1913ರ ನಡುವೆ. ಆಗ ಅದು ಜರ್ಮನರ ವಸಾಹತು. ಅಗೆದವರು, ಹೊತ್ತವರು ಅಲ್ಲಿನ ಜನ. ಲಿಂಡಿ ಬಂದರಿಗೆ ನಾಲ್ಕು ದಿನದ ಕಾಲ್ನಡಿಗೆ. ಬೊಹೆತಿ ಬಿನ್ ಅಮ್ರಾನಿ ಎಂಬ ಮೇಸ್ತ್ರಿಯ ಹೆಸರಾದರೂ ದಾಖಲೆಯಲ್ಲಿ ಉಳಿದಿದೆ. ಉಳಿದ ನೂರಾರು ಜನರ ಹೆಸರು ಗೊತ್ತಿರುವವರು ಎಷ್ಟು ಮಂದಿ? ಆ ಹಜಾರದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಅವರೇ.

"ಇದು ಎಷ್ಟು ತೂಗುತ್ತಿತ್ತು ಹೇಳಿ, ಮಾವ."

1962ರಲ್ಲಿ ಕೋಲ್ಬರ್ಟ್ ಎಂಬ ಅಮೆರಿಕದ ವಿಜ್ಞಾನಿ ಪ್ರಾಣಿಯ ಸಣ್ಣ ಮಾದರಿಯನ್ನು ಮರಳಲ್ಲಿ ಹುದುಗಿಸಿ, ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆದು ಲೆಕ್ಕ ಹಾಕಿದರು. ಉತ್ತರ ಬಂದಿದ್ದು 78 ಟನ್. ಕಷ್ಟ ಇದ್ದಿದ್ದು ಮಾದರಿಯಲ್ಲಿ. ಮೂಳೆಯ ಮೇಲೆ ಎಷ್ಟು ಮಾಂಸ ತುಂಬಬೇಕು ಅನ್ನೋದು ಶಿಲ್ಪಿಯ ಕೈಯಲ್ಲಿತ್ತು. ಕೈ ಸ್ವಲ್ಪ ಧಾರಾಳವಾದರೆ ಟನ್‌ಗಟ್ಟಲೆ ಏರುತ್ತದೆ, ಅಲ್ವಾ?

2012ರಲ್ಲಿ ಮ್ಯಾಂಚೆಸ್ಟರ್‌ನ ವಿಜ್ಞಾನಿ ಬಿಲ್ ಸೆಲ್ಲರ್ಸ್ ಮತ್ತು ಜೊತೆಗಾರರು ಈ ಊಹೆಯನ್ನೇ ಆದಷ್ಟು ಕಡಿಮೆ ಮಾಡಿದರು. ಮೊದಲು ಆನೆ, ಜಿರಾಫೆ, ಕುದುರೆಯಂಥ 14 ಸಸ್ತನಿಗಳ ಅಸ್ಥಿಪಂಜರಗಳ ಲೇಸರ್ ಸ್ಕ್ಯಾನ್ ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಒಂದೊಂದು ಭಾಗಕ್ಕೂ ಬಿಗಿಯಾದ ಹೊದಿಕೆ ಸುತ್ತಿಸಿದರು. ಹೊಲದಲ್ಲಿ ಗೂಟ ನೆಟ್ಟು ಹೊರಸುತ್ತು ಹಗ್ಗ ಬಿಗಿದರೆ ಹೇಗೋ ಹಾಗೆ. ಆ ಹೊದಿಕೆಯ ಲೆಕ್ಕಕ್ಕಿಂತ ನಿಜವಾದ ಪ್ರಾಣಿಯ ತೂಕ ಸರಾಸರಿ ಶೇ 21ರಷ್ಟು ಜಾಸ್ತಿ ಇತ್ತು. ಆಮೇಲೆ ನಾವು ನೋಡುತ್ತಿದ್ದ ಇದೇ ಜಿರಾಫಟೈಟನ್‌ಗೆ ಅದೇ ಲೆಕ್ಕ ಹಾಕಿದರು. ಬಂದಿದ್ದು ಸುಮಾರು 23 ಟನ್. ನಾಲ್ಕೈದು ದೊಡ್ಡ ಗಂಡಾನೆಗಳಷ್ಟು, ಅಷ್ಟೇ.

ನನಗೆ ಸ್ವಲ್ಪ ನಿರಾಸೆಯಾಯಿತು. ಅವಳಿಗೆ ಖುಷಿ. "ತೂಕ ತಪ್ಪಾದರೆ ಮುಂದಿನದೆಲ್ಲ ತಪ್ಪು, ಮಾವ. ಎಷ್ಟು ಬೇಗ ನಡೀತಿತ್ತು, ಕಾಲಿನ ಮೂಳೆ ಎಷ್ಟು ಭಾರ ತಡೀತಿತ್ತು, ದಿನಕ್ಕೆ ಎಷ್ಟು ತಿನ್ನುತ್ತಿತ್ತು, ಎಲ್ಲ ಅದರ ಮೇಲೇ ನಿಂತಿದೆ" ಅಂದಳು. ಯಂತ್ರದ ಬಿಡಿಭಾಗಕ್ಕೆ ತಾನು ಹಾಕುವ ಲೆಕ್ಕವೂ ತೂಕದಿಂದಲೇ ಶುರುವಾಗುತ್ತದಂತೆ.

ಅದೇ ಹಜಾರದಲ್ಲಿ ಕೆಂಟ್ರೋಸಾರಸ್ ಎಂಬ ಇನ್ನೊಂದು ಡೈನೋಸಾರ್ ಕೂಡ ಇದೆ. ಅದೂ ಟೆಂಡಗುರುವಿನದೇ. ಬೆನ್ನಿನ ಹಿಂಭಾಗದಲ್ಲೂ ಬಾಲದ ಮೇಲೂ ಉದ್ದುದ್ದ ಮುಳ್ಳು. ಹೈನ್ರಿಖ್ ಮಾಲಿಸನ್ ಎಂಬ ವಿಜ್ಞಾನಿ ಇದರ ಮೂಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಬಾಲದ ಕೀಲುಗಳು ಎಷ್ಟು ಬಾಗುತ್ತವೆ ಎಂದು ನೋಡಿದರು. ಬಾಲ ಈ ಪಕ್ಕದಿಂದ ಆ ಪಕ್ಕದವರೆಗೆ, ಸುಮಾರು ಅರ್ಧವೃತ್ತದಷ್ಟು ಬೀಸಬಲ್ಲದು. ನೆಟ್ಟಗೆ ತಗುಲಿದರೆ ಎದುರಾಳಿಯ ಮೂಳೆ ಮುರಿಯುವಷ್ಟು ಜೋರು.

ಹೊರಡುವ ಹೊತ್ತಾದರೂ ಅಕ್ಕನ ಮಗಳು ಅಲ್ಲೇ ಬಗ್ಗಿ ನಿಂತು ಬಾಲದ ಒಂದೊಂದು ಕೀಲನ್ನೂ ಎಣಿಸುತ್ತಿದ್ದಳು. ನಾನು ಮತ್ತೊಮ್ಮೆ ದೊಡ್ಡದರ ಪಾದದ ಹತ್ತಿರ ಹೋಗಿ ನಿಂತೆ.